ಡಿಗ್ರಿ ಮುಗಿದ ಮೇಲೂ ಉಂಡವರು

ಹಾಸ್ಟೆಲ್ ಅಡಿಗೆಮನೆಗೆ ಹೊಸದಾಗಿ ಸೇರೋ ಹೆಣ್ಣುಮಕ್ಕಳಿಗೆ ಅಕ್ಕಿ ಎಷ್ಟು, ಬೇಳೆ ಎಷ್ಟು ಅಂತ ಹೇಳಿಕೊಡೋರು ಇದ್ದಾರೆ. ಗೋಡೆಗೂ ಬರೆದು ಅಂಟಿಸಿರುತ್ತಾರೆ. ಗೋಡೆಗೆ ಅಂಟಿಸದ ಒಂದು ಸಂಗತಿ ಇದೆ. ಡಿಗ್ರಿ ಮುಗಿಸಿದ ಹುಡುಗಿಯರು ಆಮೇಲೆ ಏನು ಮಾಡುತ್ತಾರೆ ಅನ್ನೋದು. ಅಡಿಗೆಯವಳಿಗೆ ಅದರಿಂದ ಏನಾಗಬೇಕು ಅಂತ ನೀವು ಕೇಳಬಹುದು. ಆಗಬೇಕಾದ್ದು ಇದೆ. ಹಿಟ್ಟು ಕಮ್ಮಿ ಬೀಳುತ್ತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯೋದು ನಿಧಾನ. ಅದಕ್ಕೆ ಬೇಕಾದಷ್ಟೇ ಬರೀತೀನಿ. ಅರಕಲಗೂಡಲ್ಲಿ ಸಹಾಯಕಿಯಾಗಿ ಸೇರಿದೆ, ಚನ್ನರಾಯಪಟ್ಟಣದಲ್ಲಿ ಅಡಿಗೆಯವಳಾದೆ, ಹಾಸನದಲ್ಲಿ ರಿಟೈರಾದೆ. ಮೂರೂ ಕಾಲೇಜು ಹೆಣ್ಣುಮಕ್ಕಳ ಹಾಸ್ಟೆಲ್ಲು. ಅರಕಲಗೂಡಲ್ಲಿ ಸೌದೆ ಒಲೆ, ಹೊಗೆಗೆ ಕಣ್ಣು ಉರಿಯೋದು. ಚನ್ನರಾಯಪಟ್ಟಣಕ್ಕೆ ಗ್ಯಾಸ್ ಬಂತು, ಕಣ್ಣು ಉಳೀತು, ಸಿಲಿಂಡರ್ ಎಳೆದು ಎಳೆದು ಸೊಂಟ ಹೋಯ್ತು. ಹಾಸನದಲ್ಲಿ ಸ್ಟೀಮಿನ ಪಾತ್ರೆ ಕೊಟ್ಟರು. ಅದು ಅನ್ನಕ್ಕೆ ಸರಿ, ಮುದ್ದೆಗೆ ಆಗಲ್ಲ. ಮುದ್ದೆಗೆ ಈವತ್ತಿಗೂ ಕೋಲು ಮತ್ತೆ ರಟ್ಟೆ, ಎರಡೇ. ಕೆಲಸ ಕಲಿಯೋ ವಿಚಾರ ಇಷ್ಟು.

ಅರಕಲಗೂಡಿನಲ್ಲಿ ನನ್ನ ಮೊದಲ ವರ್ಷ. ಕೊನೇ ವರ್ಷದವರ ಪರೀಕ್ಷೆ ಮುಗೀತು. ಟ್ರಂಕು ಕಟ್ಟಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಬಸ್ ಸ್ಟ್ಯಾಂಡಿಗೆ ಹೋದರು. ನಾನೇ ಗೇಟಲ್ಲಿ ನಿಂತು ನೋಡಿದೆ. ಹೋದೋರನ್ನ ಕಳೆದು ಆ ಸಂಜೆ ಹಿಟ್ಟು ಅಷ್ಟಕ್ಕೇ ತೊಳಸಿದೆ. ಬಡಿಸ್ತಾ ಬಡಿಸ್ತಾ ಮುದ್ದೆ ಖಾಲಿ, ಸಾಲು ಇನ್ನೂ ನಿಂತಿದೆ. ಒಂದು ಮುದ್ದೆ ಪೂರಾ ಉಣ್ಣಲಾರದ ಹುಡುಗಿಯರು ಎರಡೆರಡು ಹಾಕಿಸಿಕೊಂಡು ರೂಮಿಗೆ ಹೋಗಿದ್ದರು. ಬೈಸಿಕೊಂಡಿದ್ದು ನಾನು.

ಅಲ್ಲಿ ದೊಡ್ಡ ಅಡಿಗೆಯವಳು ರಂಗಮ್ಮ ಅಂತ, ಕೊರವಂಗಲದೋಳು. ಆಮೇಲೆ ಹಿತ್ತಲಿಗೆ ಕರೆದು ಹೇಳಿದಳು:

“ಟ್ರಂಕೇನೋ ಊರ್ ಸೇರ್ಕಂತು ಕಣೆ, ಉಡ್ಗೀರು ಸಂಜೆ ಬಸ್ಸಲ್ಲಿ ವಾಪಸ್ ಬಂದ್ಬುಟ್ರು. ಡಿಗ್ರಿ ಮುಗಿಸ್ಕಂಡು ಊರಿಗೋದ್ರೆ ಗಂಡಿನ್ ಕಡೆಯೋರು ಚಾಪೆ ಮ್ಯಾಲೆ ಕುಂತಿರ್ತಾರೆ. ಅದ್ಕೇ ಇಲ್ಲೇ ಅವ್ರೆ. ನಾಳೆಯಿಂದ ಮುಂಚಿನಷ್ಟೇ ತೊಳ್ಸು.”

ಅಡಿಗೆಮನೆಯಲ್ಲಿ ಅಂಥವರಿಗೆ ‘ಉಳಿದೋರು’ ಅಂತ ಹೆಸರು. ಇವರ ಹೆಸರು ಹಾಸ್ಟೆಲ್ ರಿಜಿಸ್ಟರಲ್ಲಿ ಇರಲ್ಲ, ಆಳು ಹಾಸ್ಟೆಲ್ಲಲ್ಲಿ ಇರುತ್ತೆ. ಎರಡು ಮಂಚದ ನಡುವೆ ನೆಲದ ಮೇಲೆ ಮಲಗುತ್ತಾರೆ, ಗೆಳತಿಯ ತಟ್ಟೆಯಲ್ಲಿ ಉಣ್ಣುತ್ತಾರೆ. ಹಗಲಲ್ಲಿ ಕೆಲವರು ಸರ್ಕಾರಿ ಪರೀಕ್ಷೆಗೆ ಓದುತ್ತಾರೆ. ಕೆಲವರು ಸೀರೆ ಅಂಗಡೀಲಿ ನಿಲ್ಲುತ್ತಾರೆ, ಚಿಕ್ಕ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ, ಕಂಪ್ಯೂಟರ್ ಕಲೀತಾರೆ. ಕೆಲವರು ಮಲಗುತ್ತಾರೆ. ಎಲ್ಲರೂ ಓದುತ್ತಿದ್ದರು ಅಂತ ಬರೆದರೆ ಸುಳ್ಳಾಗುತ್ತೆ. ಮನೆಗೆ ಮಾತ್ರ ಎಲ್ಲರೂ ಒಂದೇ ಹೇಳೋದು, ಮೈಸೂರಲ್ಲಿ ಕೆಲಸ ಸಿಕ್ಕಿದೆ ಅಂತ. ಮೈಸೂರು ಯಾಕೆ ಅಂದರೆ, ಅಪ್ಪ ಹೊಲದಿಂದ ಹಾಗೇ ಎದ್ದು ಬಂದು ನೋಡೋಕೆ ಅದು ದೂರ.

ಅವರಿಗೆ ಹಾಕಿ ನಾನು ಪುಣ್ಯ ಕಟ್ಟಿಕೊಂಡೆ ಅಂತಲೂ ತಿಳಿಯಬೇಡಿ. ಹಿಟ್ಟು ನನ್ನದಲ್ಲ. ಶನಿವಾರ ಬಂದರೆ ಅರ್ಧ ಹುಡುಗಿಯರು ಊರಿಗೆ ಹೋಗೋರು, ಅವರ ಪಾಲು ಹಂದಿಗೆ ಹೋಗೋದು. ಆ ಪಾಲು ಇವರಿಗೆ ಹೋಯ್ತು. ಹಂದಿ ಸಾಕಿದೋನು ಮಾತ್ರ ಬೈಕೊಂಡ.

ಚನ್ನರಾಯಪಟ್ಟಣದಲ್ಲಿ ವಾರ್ಡನ್ ಆಗಿದ್ದ ಪಾರ್ವತಮ್ಮ ಉಳಿದೋರನ್ನ ಹಿಡಿಯೋದರಲ್ಲಿ ಗಟ್ಟಿ. ಊಟದ ಹಾಲಿನ ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡಿ ಒಳಗೆ ಬಿಡೋರು. ಒಂದು ಮಧ್ಯಾಹ್ನ ಕಾಟನ್ ಸೀರೆ ಉಟ್ಟಿದ್ದ ಒಬ್ಬಳ ರಟ್ಟೆ ಹಿಡಿದು, ನಿನ್ನ ಡಿಗ್ರಿ ಮುಗಿದು ಎಷ್ಟೋ ವರ್ಷ ಆಯ್ತಲ್ಲಮ್ಮ, ಇನ್ನೂ ಇಲ್ಲಿ ಉಣ್ಣೋಕೆ ನಾಚಿಕೆ ಆಗಲ್ವಾ ಅಂದರು. ಅಷ್ಟರಲ್ಲಿ ಉಣ್ಣುತ್ತಿದ್ದ ಹುಡುಗಿಯರೆಲ್ಲ ಎಂಜಲು ಕೈಯಲ್ಲೇ ಎದ್ದು ನಿಂತರು. ವಾರ್ಡನ್ನಿಗಲ್ಲ. “ನಮಸ್ತೆ ಮಿಸ್” ಅಂದರು. ಆಕೆ ಎಂ.ಎ. ಮುಗಿಸಿ ಬಂದು ಆ ವರ್ಷದಿಂದ ಅದೇ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಇವರಿಗೇ ಪಾಠ ಮಾಡಿ ಬಂದಿದ್ದಳು. ಅತಿಥಿಗಳಿಗೆ ಸಂಬಳ ಬರೋದು ಯುಗಾದಿ ಹೊತ್ತಿಗೆ, ಅಲ್ಲೀತನಕ ಹೊಟ್ಟೆ ಇರುತ್ತಲ್ಲ. ಪಾರ್ವತಮ್ಮ ಹಿಡಿದ ರಟ್ಟೆ ಬಿಡೋಕೂ ಆಗದೆ ಇಟ್ಟುಕೊಳ್ಳೋಕೂ ಆಗದೆ ನಿಂತರು. ಕೊನೆಗೆ, “ಕೂತ್ಕೊಳಿ ಮಿಸ್” ಅಂದರು. ಮಾರನೇ ದಿನದಿಂದ ಬಾಗಿಲಿಗೆ ಬರಲಿಲ್ಲ.

ಇನ್ನು ಹಾಸನ. ನಾನು ಅಲ್ಲಿಗೆ ವರ್ಗವಾದ ಹೊಸತರಲ್ಲಿ ಭಾರತಿ ಅನ್ನೋಳು ಉಳಿದಿದ್ದಳು. ಬಿ.ಕಾಂ., ಹೊಳೆನರಸೀಪುರ ತಾಲ್ಲೂಕಿನೋಳು. ಎರಡು ವರ್ಷ ಉಂಡಳು. ಅಡಿಗೆಮನೆ ಬಾಗಿಲ ಹಿಂದೆ ನಿಂತೇ ಉಣ್ಣೋಳು, ಕೂರು ಅಂದರೆ ಕೂರುತ್ತಿರಲಿಲ್ಲ. ವಾರ್ಡನ್ ಚಪ್ಪಲಿ ಸದ್ದು ಕೇಳಿದರೆ ಬಾಯಲ್ಲಿರೋ ತುತ್ತು ನುಂಗದೆ ಹಾಗೇ ಇಟ್ಟುಕೊಂಡಿರೋಳು. ಆಮೇಲೆ ಬ್ಯಾಂಕಿನ ಪರೀಕ್ಷೆ ಪಾಸಾಗಿ ಹೋದಳು. ಹೇಳಿ ಹೋಗಲಿಲ್ಲ. ಹೇಳಿ ಬಂದಿದ್ದರೆ ತಾನೆ ಹೇಳಿ ಹೋಗೋದು.

ನನ್ನ ಕೊನೇ ವರ್ಷಗಳಲ್ಲಿ ಅದೇ ಭಾರತಿ ಹಾಸನಕ್ಕೇ ಬ್ಯಾಂಕ್ ಆಫೀಸರಾಗಿ ಬಂದಳು. ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಅಧ್ಯಕ್ಷೆ ಮಾಡಿದರು. ಈ ಸಂಘದೋರು ವರ್ಷಕ್ಕೊಂದು ಸಲ ಹಾಸ್ಟೆಲ್ಲಿಗೆ ಬರೋರು. ಗಿಡ ನೆಡೋರು, ಹೋದ ವರ್ಷದ ಗುಂಡಿಯಲ್ಲೇ. ಮುದ್ದೆ ಕೋಲು ಹಿಡಿದು ಫೋಟೋ ತೆಗೆಸಿಕೊಳ್ಳೋರು. ‘ಅದೇ ರುಚಿ’ ಅನ್ನೋರು, ಅರ್ಧ ಬಿಟ್ಟು ಏಳೋರು. ಆ ಸಲ ಬರೋವಾಗ ಊಟದ ಹಾಲಿಗೆ ಬೆರಳೊತ್ತೋ ಮಿಷನ್ ತಂದುಕೊಡುತ್ತೀವಿ ಅಂತ ಭಾರತಿ ಮುಂಚೆಯೇ ಬಂದು ಹೇಳಿದಳು. ಬೆರಳೊತ್ತಿದರೆ ಹೆಸರು ಬರುತ್ತೆ, ಹೆಸರು ಬಂದರೆ ತಟ್ಟೆ. ಪಡಿ ಪೋಲಾಗಬಾರದು ಅಂತ ಸಂಘದಲ್ಲಿ ಎಲ್ಲರೂ ಒಪ್ಪಿದ್ದರಂತೆ. ಅದನ್ನು ಹೇಳೋವಾಗ ಭಾರತಿ ನನ್ನ ಕಡೆ ನೋಡಲಿಲ್ಲ.

ಅದೇ ಹೊತ್ತಿಗೆ ಕಾಲೇಜಿಗೆ ದೊಡ್ಡ ಕಮಿಟಿ ಬರೋದಿತ್ತು. ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಅಂತ ಆ ಕಮಿಟಿಗೆ ಬರೆದುಕೊಡಬೇಕಂತೆ. ಆ ಕೆಲಸ ಬಿದ್ದಿದ್ದು ಶ್ರೀಕಂಠಯ್ಯ ಮೇಷ್ಟ್ರಿಗೆ. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಹಾಸ್ಟೆಲ್ಲಲ್ಲಿ ಊಟ ಮುಟ್ಟೋರಲ್ಲ, ಕಾಫಿಗೆ ಮಾತ್ರ ಮಡಿ ಇರಲಿಲ್ಲ. ಊಟದ ಹಾಲಲ್ಲಿ ಕೂತು, ಒಂದು ಕಡೆ ಭಾರತಿ, ಇನ್ನೊಂದು ಕಡೆ ನಮ್ಮ ವಾರ್ಡನ್ ಸುಜಾತಾ ಮೇಡಂ, ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳೋರು. ಮದುವೆಯಾಗಿದೆ. ಬಿ.ಎಡ್. ಗಾರ್ಮೆಂಟ್ಸ್. ಮದುವೆಯಾಗಿದೆ. ನಂಬರ್ ಚಾಲ್ತಿಯಲ್ಲಿಲ್ಲ. ನಾನು ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ.

ಆ ವರ್ಷ ನಮ್ಮಲ್ಲಿ ಉಳಿದೋಳು ಸವಿತಾ. ಬಿ.ಎಸ್ಸಿ., ರಾಮನಾಥಪುರದ ಪಕ್ಕದ ಹಳ್ಳಿ. ಹೊಗೆಸೊಪ್ಪು ಬೆಳೆಯೋ ಮನೆ. ಊರಲ್ಲಿ ಗಂಡು ಗೊತ್ತಾಗಿತ್ತು, ಸೊಪ್ಪು ಮಾರಿದ ಮೇಲೆ ಮದುವೆ. ಇವಳು ವಿಲೇಜ್ ಅಕೌಂಟೆಂಟ್ ಪರೀಕ್ಷೆಗೆ ಕಟ್ಟಿದ್ದಳು, ಅದು ಇನ್ನು ಸ್ವಲ್ಪ ದಿನದಲ್ಲೇ ಇತ್ತು. ಪರೀಕ್ಷೆಗೆ ಮುಂಚೆ ಊರಿಗೆ ಹೋದರೆ ಮತ್ತೆ ಬಸ್ ಹತ್ತೋಕೆ ಬಿಡಲ್ಲ. ಅವಳ ಕಥೆ ಇಷ್ಟೇ. ರೂಮಲ್ಲಿ ಗಲಾಟೆ ಅಂತ ನಮ್ಮ ಸ್ಟೋರ್ ರೂಮಲ್ಲಿ ರಾಗಿ ಮೂಟೆ ಹಿಂದೆ ಕೂತು ಓದುತ್ತಿದ್ದಳು.

ಮೇಷ್ಟ್ರು ಸವಿತಾಳ ನಂಬರ್ ಒತ್ತಿದರು. ಸ್ಟೋರ್ ರೂಮಿನೊಳಗೆ ಹಾಡು ಶುರುವಾಯ್ತು. ಹಾಡು ನಿಂತಿತು. “ಹಲೋ ಸಾ” ಅನ್ನೋದು ಮೇಷ್ಟ್ರ ಫೋನಲ್ಲೂ ಕೇಳಿಸಿತು, ಮೂಟೆ ಹಿಂದಿನಿಂದಲೂ ಕೇಳಿಸಿತು.

“ಸವಿತಾ, ಈಗೇನ್ ಮಾಡ್ತಿದೀಯಮ್ಮ?”

“ಮೈಸೂರಲ್ಲಿ ಕೆಲ್ಸ ಸಾ.”

ಮೇಷ್ಟ್ರು ಸ್ಟೋರ್ ಬಾಗಿಲು ನೋಡಿದರು. ಲೋಟ ಕೆಳಗಿಟ್ಟರು.

“ಸಂತೋಷ. ಸೆಕೆ ಹೇಗಿದೆ ಅಲ್ಲಿ?”

“ಜಾಸ್ತಿ ಸಾ. ಗಾಳಿನೇ ಆಡಲ್ಲ.”

“ಹೇಗೆ ಆಡುತ್ತಮ್ಮ, ಕಿಟಕಿನೇ ಇಲ್ವಲ್ಲ,” ಅಂದರು ಮೇಷ್ಟ್ರು.

ಸುಜಾತಾ ಮೇಡಂ ಎದ್ದು ಹೋಗಿ ಬಾಗಿಲು ತೆಗೆದರು. ಕೆಟ್ಟ ಹೆಂಗಸಲ್ಲ ಆಕೆ. ಕಮಿಟಿಯೋರು ಹಾಸ್ಟೆಲ್ಲಿಗೂ ಬರೋದಿತ್ತು, ಹೆಸರಿಲ್ಲದ ಹುಡುಗಿ ಸಿಕ್ಕಿದರೆ ಕುತ್ತು ಬರೋದು ಅವರ ಕೆಲಸಕ್ಕೆ. ಸಂಜೆ ಬಸ್ಸಿಗೆ ಊರಿಗೆ ಹೊರಡು ಅಂದರು. ಸವಿತಾ ಅಳಲಿಲ್ಲ, ಕಾಲು ಹಿಡೀಲಿಲ್ಲ. ಪುಸ್ತಕಕ್ಕೆ ಅಂಟಿದ್ದ ರಾಗಿ ಹಿಟ್ಟು ಕೊಡವಿಕೊಂಡು ನಿಂತಳು. ಭಾರತಿ ಲೋಟ ತಿರುಗಿಸುತ್ತಾ ಕೂತಿದ್ದಳು.

ಆಮೇಲೆ ಭಾರತಿ ಅಡಿಗೆಮನೆಗೆ ಬಂದಳು. ಮೊದಲು ನಿಲ್ಲುತ್ತಿದ್ದ ಬಾಗಿಲ ಹತ್ತಿರವೇ ನಿಂತಳು.

“ನಂಜಮ್ಮಾರೇ, ನೀವು ಏನಾದ್ರೂ ಹೇಳ್ತೀರೇನೋ ಅಂತಿದ್ದೆ.”

“ನಾನ್ಯಾಕ್ ಯೋಳ್ಲಿ. ನಿಮ್ಗೂ ಬಾಯಿ ಅದಲ್ಲ.”

ಸವಿತಾಳನ್ನು ತನ್ನ ಮನೆಗೆ ಕರಕೊಂಡು ಹೋಗಬಹುದಿತ್ತು, ಜಾಗ ಇದೆ ಅಂದಳು. ಆದರೆ ಅತ್ತೆ ಮಾವ ಯಾಕೆ ಏನು ಅಂತ ಕೇಳುತ್ತಾರೆ. ತಾನು ಬ್ಯಾಂಕ್ ಪರೀಕ್ಷೆಗೆ ತವರುಮನೇಲೇ ಕೂತು ಓದಿದ್ದು ಅಂತ ಅವರಿಗೆ ಹೇಳಿಬಿಟ್ಟಿದ್ದಾಳೆ. ಒಂದು ಬಿಚ್ಚಿದರೆ ಎಲ್ಲಾ ಬಿಚ್ಚಬೇಕು. ನಾನು ಹೂಂ ಅಂದೆ. ಒಲೆ ಮೇಲೆ ಎಸರು ಕುದೀತಿತ್ತು.

ನನ್ನ ಸಹಾಯಕಿ ಬಾಣಂತನಕ್ಕೆ ಹೋಗಿ, ಬದಲಿಗೆ ಯಾರನ್ನೂ ಕೊಟ್ಟಿರಲಿಲ್ಲ. ನಾನು ವಾರ್ಡನ್ ರೂಮಿಗೆ ಹೋದೆ.

“ಮೇಡಂ, ಸಂಘದೋರ ಊಟ ಬತ್ತಾ ಅದೆ. ನಂಗೊಂದ್ ಕೈ ಬೇಕು. ಈ ಉಡ್ಗಿ ಕೊಡಿ. ಅಡಿಗೆ ಮಾಡೋರ್ಗೆ ಬೆರಳೊತ್ತದು ಬ್ಯಾಡ್ವಲ್ಲ.”

ಮೇಡಂ, ಸಹಾಯಕಿ ಬರೋ ತನಕ ಮಾತ್ರ ಅಂದರು. ಹೀಗೆ ಬಿ.ಎಸ್ಸಿ. ಮುಗಿಸಿದ ಸವಿತಾ ನನ್ನ ಕೈಕೆಳಗೆ ಬಂದಳು.

ಥ್ಯಾಂಕ್ಸ್ ಹೇಳೋಕೆ ಬಂದಳು, ಮೊದಲು ಪಾತ್ರೆ ತಿಕ್ಕು ಅಂದೆ. ಪಾತ್ರೆ ಚೆನ್ನಾಗೇ ತಿಕ್ಕುತ್ತಿದ್ದಳು. ಹಿಟ್ಟು ತೊಳಸೋದು ಬರುತ್ತಿರಲಿಲ್ಲ. ಅವಳ ಮುದ್ದೆಯೊಳಗೆ ಗೋಲಿಯಷ್ಟು ಗಂಟು. ಅವ್ವ ಎಲ್ಲಾ ಮಾಡಿಕೊಟ್ಟು ಓದೋಕೆ ಕೂರಿಸಿದ್ದಳಂತೆ. ಬೇಳೆ ಡಬ್ಬಕ್ಕೆ ಪುಸ್ತಕ ಒರಗಿಸಿಕೊಂಡು ಓದುತ್ತಾ ಒಂದು ದಿನ ಸಾರು ಸೀಯಿಸಿದಳು. ಪುಸ್ತಕ ಕಿತ್ತು ಅಟ್ಟದ ಮೇಲೆ ಎಸೆದೆ. ಸಂಜೆ ಅವಳೇ ಏಣಿ ಹಾಕಿ ಇಳಿಸಿಕೊಂಡಳು. ಆಮೇಲೆ ಸಾರು ಸೀಯಲಿಲ್ಲ.

ಸಂಘದೋರ ದಿನ ಬಂತು. ಮಿಷನ್ನಿಗೆ ಹಾರ ಹಾಕಿದರು. ಹಳೇ ಅಡಿಗೆಯವರಿಂದಲೇ ಉದ್ಘಾಟನೆ ಅಂತ ನನ್ನನ್ನು ಕರೆದು ಹೆಬ್ಬೆರಳು ಇಡಿಸಿದರು. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಅಂತು. ಇನ್ನೊಂದು ಬೆರಳು ಇಟ್ಟೆ, ಅದನ್ನೇ ಅಂತು. ಹತ್ತೂ ಬೆರಳು ಆಯ್ತು. ಬಿಸಿ ಮುದ್ದೆ ಕಟ್ಟಿ ಕಟ್ಟಿ ನನ್ನ ಬೆರಳ ಗೆರೆ ಯಾವತ್ತೋ ಹೋಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಸಂಘದ ಕಾರ್ಯದರ್ಶಿ ಬೆರಳಿಟ್ಟು ಉದ್ಘಾಟನೆ ಮುಗಿಸಿದರು.

ಬಡಿಸೋಕೆ ಸವಿತಾಳೇ ನಿಲ್ಲಬೇಕಾಯ್ತು, ಬೇರೆ ಕೈ ಇಲ್ಲ. ಅವಳ ಜೊತೆ ಓದಿದವರೇ ಪಂಕ್ತಿಯಲ್ಲಿ ಕೂತಿದ್ದರು. ಒಬ್ಬಳು ಸೆರಗಲ್ಲಿ ನಕ್ಕಳು, ಒಬ್ಬಳು ಅವಳ ಕೈ ಹಿಡಿದುಕೊಂಡು ಅತ್ತಳು. ಎರಡರಿಂದಲೂ ಸಾರು ಆರಿತು. ಯಾರೋ ಫೋಟೋ ತೆಗೆದು ಸಂಘದ ವಾಟ್ಸಾಪಿಗೆ ಹಾಕಿದರು. ಆ ಗುಂಪಲ್ಲಿ ರಾಮನಾಥಪುರಕ್ಕೆ ಕೊಟ್ಟ ಹೆಣ್ಣೊಬ್ಬಳಿದ್ದಳು. ಸಂಜೆ ಬಸ್ಸಿಗಿಂತ ಮುಂಚೆ ಫೋಟೋ ಊರು ಸೇರಿತು.

ಬೆಳಿಗ್ಗೆ ಸವಿತಾಳ ಅವ್ವ ಬಂದಳು. ಸೊಪ್ಪು ಕಟ್ಟೋ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳು, ಹೊಗೆಸೊಪ್ಪಿನ ಅಂಟಿಗೆ ಅಂಗೈ ಕಪ್ಪಗಿತ್ತು. ಮಿಷನ್ ಸರಿ ಕೂರಿಸಿದರಾ ಅಂತ ನೋಡೋಕೆ ಬಂದಿದ್ದ ಭಾರತಿ, ಕಾಫಿಗೆ ಬಂದಿದ್ದ ಮೇಷ್ಟ್ರು, ವಾರ್ಡನ್ ಮೇಡಂ ಮೂವರೂ ಹಾಲಲ್ಲಿದ್ದರು. ಅವ್ವ ಯಾರನ್ನೂ ನೋಡದೆ ನೇರ ಅಡಿಗೆಮನೆಗೆ ನುಗ್ಗಿದಳು.

“ಇದಾ ನಿನ್ನ ಮೈಸೂರು?”

ಸವಿತಾ ಮುದ್ದೆ ಕೋಲು ಹಿಡಿದು ನಿಂತಿದ್ದಳು.

“ಪಾತ್ರೆ ತಿಕ್ಕಾಕೆ ನಮ್ಮನೇಲಿ ಪಾತ್ರೆ ಇರ್ನಿಲ್ವೇನವ್ವಾ? ಅದ್ಕೆ ಓದುಸ್ಬೇಕಾಗಿತ್ತಾ? ನಡಿ, ಬಟ್ಟೆ ತಕಾ.”

“ಭಾನ್ವಾರ ಪರೀಕ್ಷೆ ಅದೆ ಕಣವ್ವಾ.”

“ಪರೀಕ್ಷೆ ಮುಗ್ದು ಡಿಗ್ರಿ ಬಂದು ವರ್ಷಾಯ್ತು.”

“ಇದು ಬ್ಯಾರೆ.”

“ಇಂಗೆ ಬ್ಯಾರೆ ಇನ್ನೆಷ್ಟವೆ?”

ಆಗ ಭಾರತಿ ಹಾಲಿಂದ ಎದ್ದು ಬಂದಳು. ಬ್ಯಾಗು ಕುರ್ಚಿ ಮೇಲೇ ಇತ್ತು.

“ಅಮ್ಮಾ, ನಾನೂ ಇದೇ ಹಾಸ್ಟೆಲ್ಲಲ್ಲಿ ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಕದ್ದು ಉಂಡೋಳು. ಇದೇ ಬಾಗಿಲ ಹಿಂದೆ ನಿಂತ್ಕೊಂಡು. ಈಗ ಬ್ಯಾಂಕಲ್ಲಿ ಆಫೀಸರಾಗಿದೀನಿ.”

ಹಾಲಲ್ಲಿ ಸುಜಾತಾ ಮೇಡಂ ಮಿಷನ್ ನೋಡಿದರು, ಭಾರತಿಯನ್ನು ನೋಡಿದರು. ಅವ್ವ ಮಾತ್ರ ಭಾರತಿಯನ್ನು ಕಾಲಿಂದ ತಲೆ ತನಕ ನೋಡಿ ಹೇಳಿದಳು:

“ನೀವೊಬ್ರು ಆದ್ರಿ ಕಣವ್ವಾ. ನಿಮ್ ಜೊತೆ ಕದ್ದು ಉಂಡೋರೆಲ್ಲ ಏನಾದ್ರು?”

ಅವ್ವ ನನ್ನ ಕಡೆ ತಿರುಗಿದಳು.

“ನೀನಾರೂ ಯೋಳಕ್ಕ. ನೋಡಿರೋಳು ನೀನು.”

ನಾನು ಕಂಡಿದ್ದನ್ನು ಹೇಳಿದೆ. “ಆದೋರು ಕಮ್ಮಿ. ಆಗ್ದೋರೇ ಜಾಸ್ತಿ. ಮದ್ವೆ ಆದ್ರು, ಗಾರ್ಮೆಂಟ್ಸ್‌ಗೋದ್ರು, ಕೆಲವ್ರು ಏನಾದ್ರು ಅಂತ ನಂಗೂ ಗೊತ್ತಿಲ್ಲ. ನಿನ್ ಮಗ್ಳು ಆಯ್ತಾಳೆ ಅಂತ ನಾ ಯೋಳಕಿಲ್ಲ. ಆದ್ರೆ ಬರ್ದ್ ಮ್ಯಾಲೆ ಕರ್ಕಂಡೋಗು. ಬರೀದೆ ಓದ್ರೆ, ಸಾಯಗಂಟ ಅವ್ವನಿಂದ ಕೆಟ್ಟೆ ಅಂತಾಳೆ. ಬರ್ದು ಆಗ್ನಿಲ್ಲ ಅಂದ್ರೆ ತನ್ನನ್ನೇ ಬೈಕತಾಳೆ.”

ಅವ್ವ ಬೋರಲು ಹಾಕಿದ್ದ ಪಾತ್ರೆ ಮೇಲೆ ಕೂತಳು. ಬಹಳ ಹೊತ್ತು ಮಗಳು ಹಿಟ್ಟು ತೊಳಸೋದನ್ನೇ ನೋಡಿದಳು. ಸವಿತಾ ಎಂದಿನಂತೆ ಗಂಟು ಕಟ್ಟಿಸುತ್ತಿದ್ದಳು. ಕೊನೆಗೆ ಅವ್ವ ತಡೆಯಲಾರದೆ ಎದ್ದು, “ಬುಡು ಅತ್ಲಾಗೆ, ಇಂಗಾ ತೊಳ್ಸದು?” ಅಂತ ಕೋಲು ಕಿತ್ತುಕೊಂಡಳು. “ಓಗು, ಓದ್ಕ. ಸೋಮ್ವಾರ ಮೊದ್ಲನೇ ಬಸ್ಸಿಗೆ ಒಲ್ಡ್‌ಬೇಕು.”

ಆ ವಾರ ಹಾಸ್ಟೆಲ್ಲಲ್ಲಿ ಉಳಿದೋಳು ಅವ್ವ. ಮಗಳ ಕೆಲಸವನ್ನೆಲ್ಲ ತಾನೇ ಮಾಡಿದಳು. ಮುದ್ದೆ ರೇಷ್ಮೆ ಹಾಗಿತ್ತು, ಹುಡುಗಿಯರು ಎರಡನೇದು ಕೇಳಿ ಹಾಕಿಸಿಕೊಂಡು ತಾವೇ ಉಂಡರು. ಮಿಷನ್ ಹತ್ತಿರ ಹೋಗಿ ಒಂದು ಸಲ ಹೆಬ್ಬೆರಳು ಇಟ್ಟು ನೋಡಿದಳು. ಅದು ಅವಳನ್ನೂ ಮತ್ತೊಮ್ಮೆ ಪ್ರಯತ್ನಿಸಿ ಅಂತು. ಭಾನುವಾರ ಪರೀಕ್ಷೆ ನಡೆಯೋ ಸ್ಕೂಲಿನ ಗೇಟಾಚೆ ಹೊಂಗೆ ಮರದ ಕೆಳಗೆ ಡಬ್ಬಿ ಇಟ್ಟುಕೊಂಡು ಕೂತಿದ್ದಳಂತೆ. ಸೋಮವಾರ ಮೊದಲನೇ ಬಸ್ಸಿಗೆ ಇಬ್ಬರೂ ಹೋದರು. ಸವಿತಾ ನನಗೆ ಹೇಳಿ ಹೋದಳು.

ಪರೀಕ್ಷೆ ಅವಳಿಗೆ ಆಗಲಿಲ್ಲ. ಗಂಡಿನ ಕಡೆಯೋರೂ ಫೋಟೋ ನೋಡಿದ್ದರು. ಹಾಸ್ಟೆಲ್ಲಲ್ಲಿ ಪಾತ್ರೆ ತೊಳೆಯೋ ಹುಡುಗಿ ನಮಗೆ ಬೇಡ ಅಂತ ಬಿಟ್ಟರು. ಹಾಗಾಗಿ ಕೆಲಸವೂ ಇಲ್ಲ, ಮದುವೆಯೂ ಇಲ್ಲ.

ಭಾರತಿ ಕಥೆಯೂ ಹಗುರಾಗಿ ಮುಗೀಲಿಲ್ಲ. ಮನೇಲಿ ಏನಾಯ್ತೋ ನಾನು ಕೇಳಲಿಲ್ಲ. ಅಧ್ಯಕ್ಷೆಯೇ ಕದ್ದು ಉಂಡೋಳು ಅಂತ ಸಂಘದಲ್ಲಿ ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬಿಬ್ಬರಿಗೆ ಅದೇ ಬಾಗಿಲ ಹಿಂದೆ ನಾನೇ ಬಡಿಸಿದ್ದೆ. ನಾನು ಸುಮ್ಮನಿದ್ದೆ, ಅವರೂ ಬೇಗ ಸುಮ್ಮನಾದರು. ಭಾರತಿ ಸಂಘದೋರ ಹತ್ತಿರ ಜಗಳ ಆಡಿ ಒಂದು ಕೆಲಸ ಮಾಡಿಸಿದಳು. ಡಿಗ್ರಿ ಮುಗಿಸಿದವರು ಪರೀಕ್ಷೆ ಹತ್ತಿರ ಬಂದಾಗ ಹೆಸರು ಹೇಳಿಯೇ ಮಹಡಿ ಮೇಲಿನ ಹಾಲಲ್ಲಿ ಇರಬಹುದು, ಅವರ ಪಡಿ ಸಂಘದ್ದು. ಪರೀಕ್ಷೆ ಇನ್ನೂ ದೂರ ಇರೋರು ಈಗಲೂ ಮಂಚದ ನಡುವೆಯೇ ಮಲಗುತ್ತಾರೆ. ಮಿಷನ್ ಇದೆ. ಬೆರಳೊತ್ತಿದೋಳು ಎರಡು ಮುದ್ದೆ ಕೇಳಿದರೆ ಅದು ಬೇಡ ಅನ್ನಲ್ಲ. ಅದಕ್ಕೇ ನಿಮಗೆ ಹೇಳೋದು, ಪರೀಕ್ಷೆ ಮುಗೀತು, ಟ್ರಂಕು ಹೋಯ್ತು ಅಂತ ಅವತ್ತೇ ಹಿಟ್ಟು ಕಮ್ಮಿ ಮಾಡಬೇಡಿ.

ಮುಂದಿನ ವರ್ಷ, ನಾನು ರಿಟೈರಾಗೋ ವರ್ಷ, ಅದೇ ಪರೀಕ್ಷೆ ಮತ್ತೆ ಕರೆದರು. ಸವಿತಾ ಬ್ಯಾಗು ಹಿಡಿದು ಆಟೋ ಇಳಿದಳು, ಹಿಂದೆ ಅವ್ವ ಇಳಿದಳು, ಅವಳ ತಲೆ ಮೇಲೆ ಅರ್ಧ ಮೂಟೆ.

“ಈ ಸಲ ನಮ್ ರಾಗಿ ನಾವೇ ತಂದೀವಿ ಕಣಕ್ಕ,” ಅಂದಳು.

ಮಗಳು ಮಹಡಿಗೆ ಹೋದಳು, ಅವ್ವ ನನ್ನ ಜೊತೆ ಸೊಪ್ಪಿಗೆ ಕೂತಳು. ಸವಿತಾಳ ಫೋನ್ ಅಡಿಗೆಮನೇಲಿ ಬೇಳೆ ಡಬ್ಬದ ಪಕ್ಕ ಚಾರ್ಜಿಗೆ ಹಾಕಿತ್ತು. ಒಂದು ಮಧ್ಯಾಹ್ನ ಅದು ಹಾಡಿತು. ಬಗ್ಗಿ ನೋಡಿದರೆ ಹಾಲಲ್ಲಿ ಶ್ರೀಕಂಠಯ್ಯ ಮೇಷ್ಟ್ರು, ಒಂದು ಕೈಲಿ ಕಾಫಿ, ಕಿವೀಲಿ ಫೋನು. ಕಮಿಟಿಗೆ ವರ್ಷ ವರ್ಷವೂ ಬರೆದುಕೊಡಬೇಕಂತೆ. ಅವ್ವ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಫೋನ್ ಎತ್ತಿದಳು.

“ಸವಿತಾ ಈಗೇನ್ ಮಾಡ್ತಿದಾಳಮ್ಮ?” ಅಂತ ಮೇಷ್ಟ್ರು ಕೇಳಿದ್ದು ಎರಡೂ ಕಡೆಯಿಂದ ಕೇಳಿಸಿತು.

ಅವ್ವ ನನ್ನ ಮುಖ ನೋಡಿದಳು. ನಾನು ಸೊಪ್ಪಿಂದ ತಲೆ ಎತ್ತಲಿಲ್ಲ.

“ಓದ್ತಾವ್ಳೆ ಸಾ,” ಅಂದಳು. “ಬರ್ಕಳಿ.”